ಅರಿಶಿಣ ಕುಡಿದ ಬೈಕು

ಎಲ್ಲಕ್ಕೂ ಇಸ್ತ್ರಿಯೇ ಮೂಲ. ಅಂಗಿಯ ಬಲತೋಳಿನಲ್ಲಿ ಒಂದು ಸುಕ್ಕು ಉಳಿದಿದೆ ಎಂದು ಭಾಗ್ಯಾ ಗಂಡನ ಮೈಮೇಲಿನ ಅಂಗಿ ಬಿಚ್ಚಿಸಿ ಮತ್ತೆ ಇಸ್ತ್ರಿ ಮಾಡಲು ಕೂತಳು. ಆ ಸುಕ್ಕು ಹೋಗುವಷ್ಟರಲ್ಲಿ ಚಾಕಣದ ಕಂಪನಿ ಬಸ್ಸೂ ಪುಣೆಯ ಧನಕವಡಿ ಬಿಟ್ಟು ಹೋಗಿತ್ತು.

ಬೇರೆ ದಿನವಾಗಿದ್ದರೆ ಚನ್ನವೀರ ಅರ್ಧ ದಿನದ ಹಾಜರಿ ಕಳೆದುಕೊಂಡು ಸುಮ್ಮನಾಗುತ್ತಿದ್ದ. ಆದರೆ ಅವತ್ತು ಹನ್ನೊಂದು ಗಂಟೆಗೆ ಅವನನ್ನು ಪರ್ಮನೆಂಟ್ ಮಾಡುವ ಸಂದರ್ಶನವಿತ್ತು. ಎಂಟು ವರ್ಷದಿಂದ ಅವನು ಆ ಕಾರ್ಖಾನೆಯಲ್ಲಿ ಕಾಂಟ್ರ್ಯಾಕ್ಟ್ ಮೇಲಿದ್ದ. ಹನ್ನೊಂದು ತಿಂಗಳಾದ ಕೂಡಲೇ ಕೆಲಸದಿಂದ ತೆಗೆಯುವುದು, ಒಂದು ತಿಂಗಳು ಮನೆಯಲ್ಲಿ ಕೂಡ್ರಿಸುವುದು, ಆಮೇಲೆ ಹೊಸಬನೆಂದು ಸೇರಿಸಿಕೊಳ್ಳುವುದು ಅಲ್ಲಿನ ಪದ್ಧತಿ. ಹೀಗೆ ಎಂಟು ಸಲ ಹೊಸಬನಾದವನಿಗೆ ತಲೆಯ ಬಿಳಿಕೂದಲು ಮಾತ್ರ ಪರ್ಮನೆಂಟ್ ಆಗಿದ್ದವು.

ಅವನ ಕೆಲಸ ಫೈನಲ್ ಇನ್ಸ್‌ಪೆಕ್ಷನ್. ಗಾಡಿಗಳಿಗೆ ಬೇಕಾದ ನೂರೆಂಟು ತರಹದ ಸಣ್ಣ ಸಾಮಾನು ಡಬ್ಬಗಟ್ಟಲೆ ಎದುರಿಗೆ ಬರುತ್ತವೆ. ಒಂದೊಂದನ್ನೂ ನೋಡಿ, ತನ್ನ ನಂಬರು, ತಾರೀಖು ಇರುವ ಶಿಕ್ಕಾ ಒತ್ತಿ ಮುಂದೆ ತಳ್ಳಬೇಕು. ಯಾವುದು ಯಾವ ಗಾಡಿಯ ಯಾವ ಮೂಲೆ ಸೇರುತ್ತದೆ ಎಂದು ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ಕಳೆದ ಮಾರ್ಚ್ ಮೂವತ್ತೊಂದರಂದು ಮ್ಯಾನೇಜರ್ ಮಹೇಶಕುಮಾರ ಕೈಗಡಿಯಾರ ನೋಡುತ್ತ ಬೆನ್ನ ಹಿಂದೆ ನಿಂತಿದ್ದಾಗ, ಚನ್ನವೀರ ಒಂದೇ ಪಾಳಿಯಲ್ಲಿ ನಾಲ್ಕು ದಿನದ ಮಾಲಿಗೆ ಶಿಕ್ಕಾ ಒತ್ತಿ ದಾಖಲೆ ಮಾಡಿದ್ದ. ಅದಕ್ಕೆ ಅವನಿಗೆ ತೆಂಗಿನಕಾಯಿ ಮತ್ತು ಸ್ಟೀಲ್ ಡಬ್ಬಿ ಕೊಟ್ಟು ಚಪ್ಪಾಳೆ ಹೊಡೆದಿದ್ದರು. ಸಂದರ್ಶನದ ಕರೆ ಬಂದದ್ದೂ ಅದರ ಮೇಲೆಯೇ.

ಮಹೇಶಕುಮಾರ ಬೀದರ ಕಡೆಯವನು. ಮಾಲೀಕರೊಡನೆ ಇಂಗ್ಲಿಷು, ಕೆಲಸಗಾರರೊಡನೆ ಮರಾಠಿ. ಕನ್ನಡದವರನ್ನು ಕೆಲಸದಿಂದ ತೆಗೆಯುವಾಗ ಮಾತ್ರ ಅವನಿಗೆ ತಾಯ್ನುಡಿ ನೆನಪಾಗುತ್ತಿತ್ತು. ಯಾರು ಏನು ಕಾರಣ ಹೇಳಿದರೂ ಅವನದು ಒಂದೇ ಪ್ರಶ್ನೆ: "ಪುರಾವಾ ಆಹೇ ಕಾ?" ಜ್ವರ ಬಂದರೆ ಡಾಕ್ಟರ ಚೀಟಿ, ಮದುವೆಗೆ ಹೋದರೆ ಲಗ್ನಪತ್ರಿಕೆ, ಅಜ್ಜಿ ಸತ್ತರೆ ಹಾರ ಹಾಕಿದ ಫೋಟೋ. ಪುರಾವೆ ಇಲ್ಲದ ದುಃಖವನ್ನು ಆ ಕಾರ್ಖಾನೆ ಒಪ್ಪುತ್ತಿರಲಿಲ್ಲ.

"ಯಾಕೆ ಸರ್ ಟೆನ್ಶನ್?" ಎಂದು ಮೆಟ್ಟಿಲಿಳಿದು ಬಂದವನು ಮೇಲಿನ ಮನೆಯ ಪ್ರಣವ. ಬೆಂಗಳೂರಿನವನು. ಶನಿವಾರ ಬಂತೆಂದರೆ ಬೈಕು ತೆಗೆದುಕೊಂಡು ಗುಡ್ಡ ಹತ್ತಿ, ಸೋಮವಾರ ಮೈತುಂಬ ಕೆಸರು ಹೊತ್ತು ಇಳಿಯುವವನು. "ನನ್ನ ಬೈಕ್ ತಗೊಂಡ್ಹೋಗಿ. ಇವತ್ತು ನಂದು ವರ್ಕ್ ಫ್ರಮ್ ಹೋಮ್. ಸ್ವಲ್ಪ ಹೀಟ್ ಆಗುತ್ತೆ ಅಷ್ಟೇ, ಇಗ್ನೋರ್ ಮಾಡಿ."

ಆ ಬೈಕು ಒಂಟೆಯಷ್ಟು ಎತ್ತರವಿತ್ತು. ಚನ್ನವೀರ ಹತ್ತಿ ಕೂತರೆ ಹೆಬ್ಬೆರಳು ಮಾತ್ರ ನೆಲಕ್ಕೆ ತಾಕುತ್ತಿತ್ತು. ಅವನು ಕಿಕ್ ಹುಡುಕುತ್ತಿರುವಾಗಲೇ ನೆಲಮಹಡಿಯ ಬಾಳಕೃಷ್ಣಕಾಕಾ ಹಿಂದೆ ಹತ್ತಿ ಕೂತಾಗಿತ್ತು. ಇಂದಾಪುರ ಡಿಪೋದಲ್ಲಿ ಮೂವತ್ತು ವರ್ಷ ಸರಕಾರಿ ಎಸ್ಟಿ ಬಸ್ಸು ಓಡಿಸಿ ನಿವೃತ್ತರಾದ ಇವರು, ಸೊಸೈಟಿಯ ಯಾವ ಗಾಡಿ ಕೆಟ್ಟರೂ ಮೊದಲು ಹಾಜರಾಗುತ್ತಿದ್ದರು.

"ದಾರ್ಯಾಗಽ ನಾಶಿಕ ಫಾಟಾದಾಗ ನನ್ನ ಮಗಳ ಮನಿ ಅದ. ಅಲ್ಲಿ ಇಳಿಸು. ಮತ್ತ ನೀ ಒಬ್ಬನಽ ಹೋಗೂದು ಬ್ಯಾಡ, ಈ ಗಾಡಿ ಮುಖಾ ಸರಿ ಇಲ್ಲ," ಎಂದರು ಕಾಕಾ.

ಸ್ವಾರಗೇಟ್ ಸಿಗ್ನಲ್ಲಿನಲ್ಲಿ ಮೀಟರಿನ ಮೇಲೆ ಕೆಂಪು ದೀಪ ಹತ್ತಿತು. ಚನ್ನವೀರನ ಎರಡೂ ತೊಡೆಗಳ ನಡುವೆ ಯಾರೋ ಒಲೆ ಹಚ್ಚಿದಂತಾಯಿತು. ಬದಿಗೆ ತಂದು ನಿಲ್ಲಿಸಿದ. ಐದೇ ನಿಮಿಷದಲ್ಲಿ ಹತ್ತು ಜನ ಸೇರಿದರು. ಪುಣೆಯಲ್ಲಿ ದಾರಿ ಕೇಳಿದರೆ ಹೇಳುವವರು ಕಡಿಮೆ, ಗಾಡಿ ಕೆಟ್ಟರೆ ಬುದ್ಧಿ ಹೇಳದವರು ಕಡಿಮೆ. ಒಬ್ಬ ಆಯಿಲ್ ಎಂದ, ಒಬ್ಬ ಪ್ಲಗ್ ಎಂದ, ಒಬ್ಬ "ವಿಕೂನ್ ಟಾಕಾ", ಮಾರಿಬಿಡಿ, ಎಂದು ಹೇಳಿ ತನ್ನ ಬಸ್ಸು ಹಿಡಿದು ಹೋದ.

ಚನ್ನವೀರ ಪ್ರಣವನಿಗೆ ಫೋನು ಮಾಡಿದ.

"ಫ್ಯಾನ್ ಓಡ್ತಿದ್ಯಾ ಸರ್?"

"ಓಡಾಕತ್ತೇತಿ."

"ಹಾಗಾದ್ರೆ ರೇಡಿಯೇಟರ್‌ನಲ್ಲಿ ಮಣ್ಣು ಕೂತಿರುತ್ತೆ, ಲಾಸ್ಟ್ ವೀಕ್ ಟ್ರೇಲ್ ಹೋಗಿದ್ದೆ. ಕ್ಲೀನ್ ಮಾಡಿಬಿಡಿ. ನಂಗೆ ಮೀಟಿಂಗ್ ಇದೆ, ಬೈ."

ರೇಡಿಯೇಟರಿನ ಜಾಲರಿಯಲ್ಲಿ ಒಂದು ಪಾವು ಜೋಳ ಬಿತ್ತುವಷ್ಟು ಮಣ್ಣಿತ್ತು. ಕಾಕಾ ತಮ್ಮ ಬಾಚಣಿಗೆ ತೆಗೆದು ಒಂದೊಂದೇ ಸಾಲು ಬಾಚಿದರು. ಬಾಚಣಿಗೆಯ ಹಲ್ಲು ಮುರಿದವು, ಮಣ್ಣು ಹೋಯಿತು, ಅರ್ಧ ಗಂಟೆಯೂ ಹೋಯಿತು. ಬೈಕು ಶಿವಾಜಿನಗರದ ತನಕ ಸಭ್ಯವಾಗಿ ನಡೆದು ಮತ್ತೆ ಕೆಂಪು ದೀಪ ತೋರಿಸಿತು.

ಈ ಸಲ ಅದು ತಣ್ಣಗಾಗುವ ತನಕ ಕಾದು, ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದರೆ ಒಳಗೆ ನೀರು ತಳ ಕಂಡಿತ್ತು.

"ಎಲ್ಲೋ ಸೋರಾಕತ್ತದ," ಎಂದರು ಕಾಕಾ. ಅವರ ಮುಖ ಬೆಳಗಿತು. "ಇದಕ್ಕ ನಮ್ಮ ಡಿಪೋದ ಮದ್ದು ಅದ. ಅರಿಶಿಣ. ನೀರಾಗ ಹಾಕಿದ್ರ ಹೋಗಿ ತೂತಿನಾಗ ಕೂಡ್ತದ. ಮೂವತ್ತು ವರ್ಷದಾಗ ನನ್ನ ಬಸ್ ದಾರ್ಯಾಗ ನಿಂತಿಲ್ಲ."

"ಕಾಕಾ, ಅದು ಬಸ್ ರೀ. ಇದು ಬೈಕ್."

"ನೀರು ಎರಡಕ್ಕೂ ಒಂದಽ ಅಲ್ಲೇನು?"

ಚನ್ನವೀರನಿಗೆ ಸಿಟ್ಟು ಬಂತು. ಆದರೆ ಹಿರಿಯರಿಗೆ ಎದುರಾಡಿ ಅಭ್ಯಾಸವಿರಲಿಲ್ಲ. ಎಂಟು ವರ್ಷ ಕಾಂಟ್ರ್ಯಾಕ್ಟಿನಲ್ಲಿದ್ದವನಿಗೆ ಯಾರಿಗೂ ಎದುರಾಡಿ ಅಭ್ಯಾಸವಿರುವುದಿಲ್ಲ. ಕಿರಾಣಿ ಅಂಗಡಿಯಿಂದ ಅರಿಶಿಣದ ಪುಡಿಕೆ ಬಂತು, ಎರಡು ಬಾಟಲಿ ಕುಡಿಯುವ ನೀರು ಬಂತು, ಬೈಕು ಎರಡನ್ನೂ ಕುಡಿಯಿತು.

ನಾಶಿಕ ಫಾಟಾ ಬಂದಾಗ ಕಾಕಾ ಇಳಿಯಲಿಲ್ಲ. ತಮ್ಮ ಮದ್ದು ಗುಣ ಕೊಡುವುದನ್ನು ನೋಡದೆ ಅವರು ಹೇಗೆ ಇಳಿದಾರು? ಭೋಸರಿ ಹತ್ತಿರ ಬೈಕಿನ ಹೊಟ್ಟೆಯಿಂದ ಹಳದಿ ಹೊಗೆ ಎದ್ದಿತು. ಚನ್ನವೀರ ಬಗ್ಗಿ ನೋಡುತ್ತಿದ್ದಂತೆ ಕಾಕಾ ಕರವಸ್ತ್ರ ಹಿಡಿದು ಮುಚ್ಚಳಕ್ಕೆ ಕೈ ಹಾಕಿದರು.

"ಕಾಕಾ, ಬಿಸಿ ಐತಿ, ತಡೀರಿ—"

"ಎಸ್ಟಿ ಡ್ರೈವರಗ ಹೇಳಿ ಕೊಡ್ತಿಯೇನು?"

ಮುಚ್ಚಳ ಸಡಿಲಾದದ್ದೇ ತಡ, ಹಳದಿ ಕಾರಂಜಿ ಎದ್ದು ಸೀದಾ ಚನ್ನವೀರನ ಎದೆಗೆ ಬಂತು. ಬೆಳಗಿನಿಂದ ಎರಡು ಸಲ ಇಸ್ತ್ರಿಯಾದ ಬಿಳಿ ಅಂಗಿ ಅರಿಶಿಣದಲ್ಲಿ ಮಿಂದಿತು. ಎದೆ ಚುರುಗುಟ್ಟಿತು. ರಸ್ತೆಯ ಆಚೆಯಿಂದ ಯಾರೋ, "ನವರದೇವ ಆಲಾ!" ಎಂದು ಕೂಗಿದರು. ಮದುಮಗನ ಕಣ್ಣಲ್ಲಿ ನೀರಿತ್ತು.

ಎದುರಿಗೇ ಗ್ಯಾರೇಜಿತ್ತು. ಮೇಸ್ತ್ರಿ ಅಂಬಾರಾಯ ಆಳಂದದ ಕಡೆಯವನು. ಅವನು ಬೈಕು ನೋಡಿದ, ಅಂಗಿ ನೋಡಿದ.

"ಏನ್ರೀ ಇದು, ಬೈಕಿನಾಗ ಸಾರು ಕುದಿಸೀರೇನು?"

ಕಾಕಾ ಬೋರ್ಡು ಓದುವವರಂತೆ ಆಚೆ ತಿರುಗಿದರು. ಅಂಬಾರಾಯ ಹಳದಿ ನೀರು ಬಸಿದು, ಕೊಳವೆ ಹಿಚುಕಿ, ಫ್ಯಾನು ತಿರುಗಿಸಿ, ಕೊನೆಗೆ ಆ ಮುಚ್ಚಳವನ್ನೇ ಎತ್ತಿಕೊಂಡ. ಕೆಸರು, ಅರಿಶಿಣ ಎರಡೂ ಮೆತ್ತಿ ಅದು ಸೀದ ಹೋಳಿಗೆಯಂತಿತ್ತು. ಒಳಗಿನ ಸ್ಪ್ರಿಂಗನ್ನು ಬೆರಳಿನಿಂದ ಒತ್ತಿದ. ಒತ್ತಿದ್ದು ಮೇಲೆ ಬರಲೇ ಇಲ್ಲ.

"ಇಲ್ಲಿ ಅದ ನೋಡ್ರಿ ರೋಗ. ಈ ಮುಚ್ಚಳ ಗಟ್ಟಿ ಹಿಡೀಬೇಕು. ಹಿಡದ್ರ ನೀರು ಜಲ್ದಿ ಕುದಿಯಂಗಿಲ್ಲ. ಇದು ಹಿಡಿಯಂಗಿಲ್ಲ, ಅದಕ್ಕ ನೀರು ಕುದ್ದು ಕುದ್ದು ಹೊರಗ ಹೋಗ್ತದ. ಹುಟ್ಟಿನಿಂದಽ ಸ್ಪ್ರಿಂಗ್ ಸೊಟ್ಟ ಅದ. ಕಣ್ಣಿದ್ದವ ಪಾಸ್ ಮಾಡೋ ಮಾಲಲ್ಲ ಇದು. ಯಾವ ಕತ್ತೆ ಪಾಸ್ ಮಾಡ್ಯಾನೋ!"

ಬೆಳಗಿನಿಂದ ಒಳಗೇ ಕುದಿಯುತ್ತಿದ್ದ ಚನ್ನವೀರನಿಗೆ ಬೈಯಲು ಕೊನೆಗೂ ಒಬ್ಬ ಸಿಕ್ಕ. ಪ್ರಣವನನ್ನು ಬೈಯುವಂತಿರಲಿಲ್ಲ, ಬೈಕು ಅವನದು. ಕಾಕಾರನ್ನು ಬೈಯುವಂತಿರಲಿಲ್ಲ, ವಯಸ್ಸು ಅವರದು. ಹೆಸರು ಊರಿಲ್ಲದ ಆ ಇನ್ಸ್‌ಪೆಕ್ಟರನ ವಂಶವನ್ನು ಅವನು ಮೂರು ತಲೆ ಹಿಂದಿನಿಂದ ಹಿಡಿದು ಬೈದ.

"ನಾನೂ ಇದಽ ಕೆಲಸ ಮಾಡಾಂವರಿ. ಇಂಥವರ ಸಲುವಾಗಿ ನಮ್ಮೆಲ್ಲಾರ ಹೆಸರು ಕೆಡತೈತಿ. ಇಂಥಾಂವನ್ನ ಒಂದು ದಿನಾನೂ ಕೆಲಸದಾಗ ಇಟ್ಕೋಬಾರದು!"

ಬೈದು ಹಗುರಾದ ಮೇಲೆ ಅವನಿಗೆ ಉಪಾಯ ಹೊಳೆಯಿತು. ತಡವಾದದ್ದಕ್ಕೆ ಮಹೇಶಕುಮಾರ ಪುರಾವೆ ಕೇಳುತ್ತಾನೆ. ಇಗೋ ಪುರಾವೆ! ಅಂಬಾರಾಯ ಗುಜರಿ ಬೈಕೊಂದರ ಮುಚ್ಚಳ ಕಿತ್ತು ಹಾಕಿಕೊಟ್ಟ. ಚನ್ನವೀರ ಕೆಟ್ಟ ಮುಚ್ಚಳವನ್ನು ಕಾಗದದಲ್ಲಿ ಸುತ್ತಿ ಜೇಬಿಗಿಳಿಸಿದ.

ಅವನು ಕಾರ್ಖಾನೆ ತಲುಪಿದಾಗ ಒಂದೂವರೆ. ಮಹೇಶಕುಮಾರ ಹಳದಿ ಅಂಗಿಯನ್ನು ಮೇಲಿನಿಂದ ಕೆಳಗೆ ನೋಡಿದ.

"ಉಶೀರ ಕಾ ಝಾಲಾ?"

ತಡವಾದದ್ದರ ಕಾರಣವನ್ನು ಚನ್ನವೀರ ಮರಾಠಿಯಲ್ಲೇ ಒಪ್ಪಿಸಿದ.

"ಪುರಾವಾ?"

ಚನ್ನವೀರ ಹೆಮ್ಮೆಯಿಂದ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟ. ಮಹೇಶಕುಮಾರ ಮೂಗು ಮುರಿದು ಅದನ್ನು ಕಾಗದದಿಂದ ಒರೆಸಿದ. ಕೆಸರು ಹೋಯಿತು, ಅರಿಶಿಣ ಹೋಯಿತು. ಮಗುಚಿ ಒಳಬದಿಯನ್ನು ಒರೆಸುತ್ತಿದ್ದವನು ಕೈ ನಿಲ್ಲಿಸಿದ. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದ.

"ಕೂಡು ಚನ್ನವೀರ," ಎಂದ.

ಕನ್ನಡದಲ್ಲಿ ಎಂದ. ಚನ್ನವೀರ ಕುರ್ಚಿಯ ಅಂಚಿನಲ್ಲಿ ಕೂತ.

"ನಿನ್ನ ನಂಬರ್ ಎಷ್ಟು?"

"ಹದಿನೇಳರಿ."

ಮಹೇಶಕುಮಾರ ಮುಚ್ಚಳವನ್ನು ಅವನ ಕಡೆ ಸರಿಸಿದ. ಸೊಟ್ಟ ಸ್ಪ್ರಿಂಗಿನ ಪಕ್ಕದಲ್ಲಿ ಹದಿನೇಳು ಎಂಬ ಶಿಕ್ಕಾ ಸೊಟ್ಟಗಿರದೆ ಸ್ಪಷ್ಟವಾಗಿ ಕೂತಿತ್ತು. ಅದರ ಕೆಳಗೆ ಮಾರ್ಚ್ ಮೂವತ್ತೊಂದರ ತಾರೀಖು.

"ಬೈಕ್ ಕುದೀಲತಾವ ಅಂತ ಎರಡು ತಿಂಗಳಿಂದ ತಕರಾರು ಬರಲತಾವ. ಯಾರು ಪಾಸ್ ಮಾಡ್ಯಾರ, ಒಂದು ಪೀಸ್ ಆದ್ರೂ ತಂದು ತೋರಸ್ರಿ ಅಂತ ಮಾಲಕ್ರು ನನ್ನ ತಲಿ ತಿನ್ನಲತಾರ. ಸಿಕ್ಕಿರಲಿಲ್ಲ. ನೀ ನಿನ್ನ ಕೈಯಾರೆ ತಂದುಕೊಟ್ಟಿ. ನಾಳಿಂದ ಬರಬ್ಯಾಡ."

ಚನ್ನವೀರ ಎಂಟು ವರ್ಷದಲ್ಲಿ ಮೊದಲ ಸಲ ಎದುರಾಡಿದ. "ಸರ್, ಅವತ್ತು ನೀವಽ ನನ್ನ ಹಿಂದ ನಿಂತಿದ್ರಿ. ನೋಡ್ಕೋತ ಕೂಡಬ್ಯಾಡ, ಶಿಕ್ಕಾ ಹೊಡಿ ಅಂತ ನೀವಽ ಅಂದ್ರಿ."

ಮಹೇಶಕುಮಾರ ಮುಚ್ಚಳವನ್ನು ಜೋಪಾನವಾಗಿ ಡ್ರಾವರಿನಲ್ಲಿಟ್ಟು ಕೀಲಿ ಹಾಕಿದ.

"ಪುರಾವೆ ಅದ ಏನು?" ಎಂದ.

ಗೇಟಿನ ಹೊರಗೆ ಕಾಕಾ ಪೇಡೆಯ ಡಬ್ಬಿ ಹಿಡಿದು ಕಾಯುತ್ತಿದ್ದರು. ಚನ್ನವೀರನ ಮುಖ ನೋಡಿ ಅದನ್ನು ಚೀಲಕ್ಕೆ ಸೇರಿಸಿದರು. ಇಬ್ಬರೂ ಬೈಕು ಹತ್ತಿದರು.

ಅದೇ ಭೋಸರಿ, ಅದೇ ಶಿವಾಜಿನಗರ. ಬಿಸಿಲು ಬೆಳಗಿಗಿಂತ ಜೋರಿತ್ತು, ಸಿಗ್ನಲ್ಲುಗಳು ಬೆಳಗಿಗಿಂತ ಉದ್ದವಿದ್ದವು. ಆದರೂ ಬೈಕು ಎಲ್ಲಿಯೂ ಬಿಸಿಯಾಗಲಿಲ್ಲ, ಕೆಂಪು ದೀಪ ಹತ್ತಲಿಲ್ಲ. ಸ್ವಾರಗೇಟ್ ದಾಟಿದ ಮೇಲೆ ಕಾಕಾಗೆ ತಡೆದುಕೊಳ್ಳಲಾಗಲಿಲ್ಲ. ಹಿಂದಿನಿಂದ ಬೆನ್ನು ತಟ್ಟಿದರು.

"ನೋಡಿದ್ಯಾ ಚನ್ನವೀರ, ಹೆಂಗ ತಣ್ಣಗ ಹೊಂಟದ? ಆ ಮೇಸ್ತ್ರಿಗೆ ಏನ್ ತಿಳಿತದ. ಇದು ಅರಿಶಿಣದ ಗುಣಾ."

"ಹೌದ್ರಿ ಕಾಕಾ," ಎಂದ ಚನ್ನವೀರ.