ಹೊಳೆಯಮ್ಮನ ವಯಸ್ಸು

ಮಾರುತೇಶ್ ಮೇಷ್ಟ್ರು ಆ ಭಾನುವಾರ ಸುಮ್ಮನೆ ಟೀ ಕುಡಿದು ಎದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಹಿರಿಯೂರಿನಾಚೆ ವೇದಾವತಿಗೆ ಹೊಸ ಸೇತುವೆಯಾಗಿತ್ತು. ಹಳೆಯದು ನೂರು ವರ್ಷದ್ದೆಂದು ಪುರಾವೆ ಸಿಕ್ಕರೆ ಉಳಿಸುತ್ತಾರಂತೆ, ಇಲ್ಲದಿದ್ದರೆ ಕೆಡವುತ್ತಾರಂತೆ. ಕೆಡವಿದರೆ ಮೇಷ್ಟ್ರು ಆಚೆ ದಡದ ಶಾಲೆಗೆ ದಿನಾ ದೂರದ ಹೊಸ ಸೇತುವೆ ಹಿಡಿದು ಮೂರು ಮೈಲಿ ಸುತ್ತಿ ಸೈಕಲ್ ತುಳಿಯಬೇಕು.

"ಸೇತುವೆ ನೋಡೋಕೆ ಇಂಜಿನಿಯರ್ ನಾಲ್ಕಕ್ಕೆ ಬರ್ತಾರಲ್ವಾ? ಅಷ್ಟರಲ್ಲಿ ಪುರಾವೆ ನಾನು ತರ್ತೀನಿ!" ಎಂದುಬಿಟ್ಟರು.

"ಬರ್ಕಳ್ರಿ ಮೇಷ್ಟ್ರೇ," ಎಂದ ಟೀ ಅಂಗಡಿ ಹನುಮಂತಯ್ಯ. "ಅದರ ಕಲ್ಲು ಹೊತ್ತಿದ್ದು ನಮ್ಮ ಮುತ್ತಾತ."

"ನಿಮ್ಮ ಮುತ್ತಾತ ಹೊತ್ತಿದ್ದು ಗಾರೆ ಬುಟ್ಟಿ ಕಣಪ್ಪ," ಎಂದ ಕುರಿ ಕಾಯುವ ಗೊಲ್ಲಪ್ಪ. "ಕಲ್ಲು ನಮ್ಮೋರು ಹೊತ್ತಿದ್ದು. ಮುನ್ನೂರು ವರ್ಷ ಆತು."

ಮನೆಗೊಬ್ಬ ಮುತ್ತಾತ ಎದ್ದು ಬಂದ. ಅಷ್ಟು ಮುತ್ತಾತಂದಿರು ಸಾಲಾಗಿ ನಿಂತಿದ್ದರೆ ಸೇತುವೆಯೇ ಬೇಕಿರಲಿಲ್ಲ. ಅವರ ಹೆಗಲ ಮೇಲೇ ಹೊಳೆ ದಾಟಬಹುದಿತ್ತು. ಪುರಾವೆ ಮಾತ್ರ ಒಬ್ಬನಲ್ಲೂ ಇಲ್ಲ.

ಸೋತ ಮೇಷ್ಟ್ರು ಸೇತುವೆಯ ತುದಿಯಲ್ಲಿದ್ದ ಹೊಳೆಯಮ್ಮನ ಕಲ್ಲಿಗೆ ಕೈಮುಗಿದರು. ಎಣ್ಣೆ, ಕುಂಕುಮ ಹೋಳಿಗೆಯಷ್ಟು ದಪ್ಪ ಕೂತಿತ್ತು. ಒಂದು ಕಡೆ ಚಕ್ಕೆ ಎದ್ದು ಅಕ್ಷರದ ಬಾಲ ಕಂಡಿತು.

"ಶಾಸನ!"

ಅಮ್ಮನ ಪೂಜೆಯೂ ಗೊಲ್ಲಪ್ಪನದೇ. "ಕುಂಕುಮ ಕೆರೆಯೋಕೆ ಅಮ್ಮನ ಅಪ್ಪಣೆ ಬೇಕು ಸಾರ್. ಬಲಕ್ಕೆ ಹೂವು ಬೀಳ್ಲಿ," ಎಂದು ಕಲ್ಲಿಗೊಂದು ಕಣಗಿಲೆ ಹೂವು ಹಚ್ಚಿದ. ಎಣ್ಣೆಗೆ ಅಂಟಿದ ಹೂವು ಮೂರು ತಾಸು ಕದಲಲಿಲ್ಲ. ಊರೇ ಉಸಿರು ಹಿಡಿದು ಕೂತಿತು. ನಾಲ್ಕಕ್ಕೆ ಇಂಜಿನಿಯರ ಜೀಪು ದಡಬಡ ಬಂದು ನಿಂತದ್ದೇ, ಹೂವು ಬಲಕ್ಕೆ ಬಿತ್ತು.

ಬಿಸಿನೀರು, ಸೀಗೆಪುಡಿ ಹಾಕಿ ಮೇಷ್ಟ್ರೇ ಉಜ್ಜಿದರು. ಇಂಜಿನಿಯರು ಬಗ್ಗಿ ಓದಿದರು: "ಈ ಸೇತುವೆಯ ಪ್ರಾರಂಭೋತ್ಸವ. ಸನ್ 1935."

ಇದು 2002ನೇ ಇಸವಿ. ಮುತ್ತಾತಂದಿರೆಲ್ಲ ಒಟ್ಟಿಗೇ ಹೊಳೆಗೆ ಬಿದ್ದರು.

"ಹೂಂ ಮತ್ತೆ," ಎಂದಳು ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದ ಮುದುಕಿ ಹೊನ್ನಕ್ಕ. "ನಾನಾಗ ಲಂಗದ ಹುಡುಗಿ. ಬೂಂದಿ ಹಂಚಿದ್ರು. ಯಾರೋ ದೊರೆ ಈ ಕಲ್ಲಿಗೆ ಕುಂಕುಮ ಹಚ್ಚಿ ಕಾಯಿ ಒಡೆದ್ರು. ಮಾರನೇ ದಿನ ನಮ್ಮವ್ವಾನೂ ಹಚ್ಚಿದ್ಳು. ಆಮ್ಯಾಲೆ ಯಾರೂ ನಿಲ್ಲಿಸ್ಲೇ ಇಲ್ಲ."

"ಬೆಳಗ್ಗೆಯೇ ಹೇಳಬಾರದಿತ್ತಾ ಅಜ್ಜಿ?"

"ನೀನು ಗಂಡಸ್ರನ್ನಷ್ಟೇ ಕೇಳ್ದೆ ಕಣಪ್ಪ."

ಇಂಜಿನಿಯರು ಮಾತ್ರ ಬೂಟು ಬಿಚ್ಚಿ ಕೈಮುಗಿದು ನಿಂತಿದ್ದರು. "ಕೆಡವೋ ಆರ್ಡರ್ ಇರೋದು ಸೇತುವೆಗೆ. ಅರವತ್ತೇಳು ವರ್ಷ ಪೂಜೆ ಆದ ಅಮ್ಮನ್ನ ಕೆಡವೋನು ನಾನಲ್ಲ. ದೇವಸ್ಥಾನ ಅಂತ ಬರೆದು ಕಳಿಸ್ತೀನಿ, ಸೇತುವೆ ಉಳಿಯುತ್ತೆ."

ಊರು ಮೇಷ್ಟ್ರನ್ನು ಹೆಗಲ ಮೇಲೆ ಹೊತ್ತು ಕುಣಿಯಿತು.

ಸೋಮವಾರ ಬೆಳಗ್ಗೆ ಮೇಷ್ಟ್ರು ಹಾಡಿಕೊಂಡು ಸೈಕಲ್ ತುಳಿದು ಬಂದರು. ಗೊಲ್ಲಪ್ಪ ಅಡ್ಡ ನಿಂತಿದ್ದ.

"ಇಳೀರಿ ಸಾರ್. ಸರ್ಕಾರಾನೇ ದೇವಸ್ಥಾನ ಅಂದೈತೆ. ಸೈಕಲ್ ಬಿಡಂಗಿಲ್ಲ."

"ತಳ್ಕೊಂಡು ಹೋಗ್ತೀನಪ್ಪ."

"ಚಕ್ರಾನೇ ಕೂಡದು."

"ಮತ್ತೆ ನಿನ್ನ ಕುರಿ?"

"ಕುರಿಗೆ ಚಕ್ರ ಐತಾ ಸಾರ್?"

ಮೇಷ್ಟ್ರು ಮೂರು ಮೈಲಿ ಸುತ್ತಿ, ಬೆವರೊರೆಸುತ್ತ ಶಾಲೆ ಮುಟ್ಟಿದಾಗ, ಸೇತುವೆ ದಾಟಿ ನಗುತ್ತ ಬಂದಿದ್ದ ಮಕ್ಕಳು ಎರಡನೇ ಸಲ ಪ್ರಾರ್ಥನೆ ಹೇಳುತ್ತಿದ್ದರು.