ಬಿದ್ದಣ್ಣನ ಸೈಟು ನಿಂತ ದಿನ

ಕೊಡೆ ಕಂಪನಿಯ ವೆಬ್‌ಸೈಟು ನೋಡಿಕೊಳ್ಳುವವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಆಫೀಸಿನಲ್ಲಿ ಯಾರಿಗೂ ನೆನಪಿರಲಿಲ್ಲ. ಅರ್ಧ ಬೆಲೆಯ ಮಾರಾಟ ಬಂದಾಗಲೆಲ್ಲ ಜನ ನುಗ್ಗಿ ಸೈಟು ದೊಪ್ಪನೆ ಬೀಳುತ್ತಿತ್ತು. ಹಾಗಾಗಿ ಅವನು ಎಲ್ಲರಿಗೂ ಬಿದ್ದಣ್ಣ.

"ಈ ಸಲವೂ ಬಿತ್ತೋ, ನೀನು ಗಂಟುಮೂಟೆ ಕಟ್ಟು," ಎಂದಿದ್ದರು ಯಜಮಾನರು.

ಪಾಪ, ಬಿದ್ದಣ್ಣ ಹಟಕ್ಕೆ ಬಿದ್ದು ಎಡ್ಜ್ ಕಂಪ್ಯೂಟಿಂಗ್ ತಂದ. ಬಂದವರೆಲ್ಲ ಆಫೀಸಿನ ಒಂದೇ ಕಂಪ್ಯೂಟರಿಗೆ ಮುತ್ತಿಗೆ ಹಾಕುವ ಬದಲು, ಊರೂರಿನ ಯಂತ್ರಗಳಲ್ಲಿ ಪುಟದ ನಕಲು ಇಟ್ಟು ಅಲ್ಲಲ್ಲೇ ಸಂಭಾಳಿಸಿ ಕಳಿಸುವ ಏರ್ಪಾಡು ಅದು. ಆದರೆ ಮಾರಾಟದ ಹಿಂದಿನ ದಿನ ಜಾಹೀರಾತಿನ ಮೇಡಂ ಕೊಟ್ಟ ಕಾಟಕ್ಕೆ ಯಾವ ಏರ್ಪಾಡೂ ಇರಲಿಲ್ಲ. "ಪುಟದ ಆ ಕೆಂಪು ಕಣ್ಣಿಗೆ ಹೊಡೀತಿದೆ, ನೀಲಿ ಮಾಡಪ್ಪಾ." ನೀಲಿ ಮಾಡಿದರೆ, "ಯಾಕೋ ಸಪ್ಪೆ, ಕೆಂಪೇ ಇರ್ಲಿ." ಸಂಜೆಗೆ ಅವನ ತಾಳ್ಮೆ ಕೆಟ್ಟಿತು. ನಾಳೆ ಪೂರ್ತಿ, ಯಾರು ಏನೇ ಬದಲಿಸಿದರೂ ಇದೇ ಪುಟ ತೋರಿಸಿ ಎಂದು ಊರೂರಿನ ಯಂತ್ರಗಳಿಗೆಲ್ಲ ಅಪ್ಪಣೆ ಕೊಟ್ಟು ಮನೆಗೆ ಹೋಗಿ ಗೊರಕೆ ಹೊಡೆದ.

ಬೆಳಗ್ಗೆ ಮಾರಾಟ ಶುರುವಾದದ್ದೇ ತಡ, ಜನ ನುಗ್ಗಿದರು. ಸೈಟು ಬೀಳದೆ ಗೂಟ ಹೊಡೆದ ಹಾಗೆ ನಿಂತಿತು! ಆಫೀಸಿಗೆ ಆಫೀಸೇ ಅವನ ಕುರ್ಚಿ ಸುತ್ತ ನೆರೆಯಿತು.

"ಲಕ್ಷ ಜನ ಕಣ್ರೀ! ಆದ್ರೂ ನಿಂತಿದೆ ಕಣ್ರೀ!" ಎಂದು ಕ್ಯಾಷಿಯರ್ ಕುಣಿದರು.

ಯಜಮಾನರು ಬೆನ್ನು ತಟ್ಟಿ, "ಇನ್ಮೇಲೆ ಇವನನ್ನ ಯಾರಾದ್ರೂ ಬಿದ್ದಣ್ಣ ಅಂದ್ರೆ ನನಗೆ ಹೇಳಿ," ಎಂದರು. ಅವನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಅತ್ತೆಯ ಫೋನು.

"ಅಳಿಯಂದ್ರೇ, ನಿಮ್ಮ ಪುಟ ಮುಟ್ಟಿದ್ರೆ ಸಾಕು, ತೆರ್ಕೊಳ್ಳತ್ತೆ! ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಆಗಿಂದ 'ಮಾರಾಟ ನಾಳೆ, ತಪ್ಪದೆ ಬನ್ನಿ' ಅಂತಲೇ ಇದೆಯಲ್ಲಾ, ಆ ನಾಳೆ ಯಾವಾಗ ಬರತ್ತೆ?"

ಬಿದ್ದಣ್ಣ ಪುಟ ತೆರೆದು ನೋಡಿದ. ನಿನ್ನೆ ಸಂಜೆಯ ಪುಟ! ಬಂದ ಲಕ್ಷ ಜನರನ್ನೂ ಊರೂರಿನ ಯಂತ್ರಗಳು ಅಚ್ಚುಕಟ್ಟಾಗಿ ವಾಪಸು ಕಳಿಸುತ್ತಿದ್ದವು.

"ಅಯ್ಯೋ, ಒಂದು ಕೊಡೆನೂ ಹೋಗಿಲ್ಲ!" ಎಂದರು ಕ್ಯಾಷಿಯರ್.

"ಆ ನಕಲೆಲ್ಲಾ ಅಳಿಸಯ್ಯಾ ಮೊದ್ಲು!" ಯಜಮಾನರು ಗುಡುಗಿದರು.

"ಸಾರ್, ಎಲ್ಲಾ ಒಟ್ಟಿಗೆ ಅಳಿಸಿದ್ರೆ ಜನ ಪೂರ್ತಿ ಇಲ್ಲಿಗೇ..."

"ಅಯ್ಯೋ ಆ ಕಡೆ ಸರಿಯಪ್ಪಾ, ನಾನೇ ಒತ್ತೀನಿ," ಎಂದು ಮೇಡಂ ಕೈ ಚಾಚಿ ಅಳಿಸುವ ಗುಂಡಿ ಒತ್ತಿಯೇ ಬಿಟ್ಟರು.

ನಕಲುಗಳೆಲ್ಲ ಮಾಯ. ಹೊಸ ಪುಟ ಬೇಕೆಂದು ಅಷ್ಟೂ ಜನ ಆಫೀಸಿನ ಆ ಒಂದೇ ಕಂಪ್ಯೂಟರಿನ ಮೇಲೆ ಏರಿಬಂದರು. ಮೂಲೆಯಲ್ಲಿದ್ದ ಅದು ಒಮ್ಮೆ ಗುರ್ರೆಂದು ತೆಪ್ಪಗಾಯಿತು.

"ಗಂಟುಮೂಟೆ ಕಟ್ಟು, ಬಿದ್ದಣ್ಣ," ಎಂದರು ಯಜಮಾನರು.

ಅವನು ಚೀಲಕ್ಕೆ ಊಟದ ಡಬ್ಬಿ ತುಂಬುತ್ತಿದ್ದಾಗ ಮತ್ತೆ ಅತ್ತೆಯ ಫೋನು.

"ಈಗ ಸರಿಹೋಯ್ತು ಅಳಿಯಂದ್ರೇ! ಸೈಟು ಎಂದಿನ ಹಾಗೆ ಬಿದ್ದಿದೆ. ಮಾರಾಟ ಶುರುವಾಯ್ತು ಅಂತ ಅಕ್ಕಪಕ್ಕದವರಿಗೆಲ್ಲಾ ಹೇಳ್ಬಿಟ್ಟೆ."