ಹೆಮ್ಮೆಯಿಂದ ಉಸಿರು ಕಟ್ಟಿದವರ ಪಟ್ಟಿ

"ಮತ್ತೆ ಮಧ್ಯೆ ಬಾಯಿ ಹಾಕಿದ್ರಿ, ಲಾರ್ನ್. ಇದು ನಾಲ್ಕನೇ ಸಲ," ಎಂದಳು ತಾರಿನ್.

ಟ್ಯಾಮರಾಕ್ ಫಾಲ್ಸ್ ಪಟ್ಟಣ ಸಭೆಯ ನಡಾವಳಿ ನಿಯಮ ಹದಿನಾಲ್ಕರ ಪ್ರಕಾರ ಪ್ರತಿಯೊಬ್ಬ ನಾಗರಿಕರಿಗೂ ಮೂರು ನಿಮಿಷ ಮಾತಾಡುವ ಹಕ್ಕುಂಟು. ಆ ಮೂರು ನಿಮಿಷದೊಳಗೆ ಬೇರೆಯವರು ಮಾತಾಡಿದರೆ ಅದೂ ಆ ನಾಗರಿಕರ ಪಾಲಿಗೇ ಬೀಳುತ್ತದೆ. ತಾರಿನ್ ಜೂನ್ ತಿಂಗಳಿಂದ ನಾಲ್ಕು ಸಭೆಗಳಲ್ಲಿ ಒಟ್ಟು ಹನ್ನೆರಡು ನಿಮಿಷ ಮಾತಾಡಿದ್ದಾಳೆಂದು ದಾಖಲೆಯಲ್ಲಿದೆ. ಅದರಲ್ಲಿ ಅವಳ ಬಾಯಿಂದ ಹೊರಟದ್ದು ಒಂದೂವರೆ ನಿಮಿಷದ ಮಾತು.

ಅವಳು ಹೇಳಬೇಕೆಂದಿದ್ದುದು ಇಷ್ಟೇ. ಊರಿನ ಆಸ್ಪತ್ರೆಯ ತುರ್ತು ಚಿಕಿತ್ಸೆಯ ಬಾಗಿಲಿಗೆ ಶನಿವಾರ, ಭಾನುವಾರ ಬೀಗ ಬೀಳುತ್ತಿದೆ, ನರ್ಸ್ ಇಲ್ಲವೆಂದು. ಅವಳ ಆರು ವರ್ಷದ ಮಗಳು ಟೆಸ್ಸಾಳಿಗೆ ಉಬ್ಬಸ. ಉಬ್ಬಸಕ್ಕೆ ವಾರದ ದಿನ ಯಾವುದೆಂದು ಗೊತ್ತಾಗುವುದಿಲ್ಲ. ಪಕ್ಕದ ಊರು ಕಾರ್ಸ್‌ವೆಲ್ ನೂರ ಹತ್ತು ಕಿಲೋಮೀಟರ್ ದೂರ. ಹಿಮ ಬಿದ್ದರೆ ಆ ರಸ್ತೆಯೂ ಬಂದ್. ಗಂಡ ಉತ್ತರದ ಗಣಿಯಲ್ಲಿ, ಎರಡು ವಾರ ಅಲ್ಲಿ, ಎರಡು ವಾರ ಮನೆಯಲ್ಲಿ. ಒಬ್ಬ ನರ್ಸ್ ಕೊಡಿ.

"ನೋಡಮ್ಮ ತಾರಿನ್," ಎಂದರು ಮೇಯರ್ ಲಾರ್ನ್ ಪೆಲ್ಟೊಲಾ, ಸುತ್ತಿಗೆ ಮೊಳೆ ಮಾರಿಕೊಂಡಿದ್ದ ತಾಳ್ಮೆಯ ಮನುಷ್ಯ. "ಆಸ್ಪತ್ರೆ ಪ್ರಾಂತ್ಯ ಸರ್ಕಾರದ್ದು. ದೇಶದ ಹೆಮ್ಮೆ ರಾಜಧಾನಿ ಒಟ್ಟಾವಾದ್ದು. ಪಟ್ಟಣ ಸಭೇದು ಹಿಮ ತೆಗೆಯೋದು ಮಾತ್ರ. ಹೆಮ್ಮೆ ಅಂದಾಗ ನೆನಪಾಯ್ತು, ಒಟ್ಟಾವಾದಿಂದ ಇವತ್ತು ಕಾಗದ ಬಂದಿದೆ."

ಕಾಗದ ಓದುವಷ್ಟರಲ್ಲಿ ತಾರಿನ್‌ಳ ಮೂರು ನಿಮಿಷ ಮುಗಿಯಿತು. ರಾಷ್ಟ್ರೀಯ ಹೆಮ್ಮೆ ನಿಧಿಯಿಂದ ಟ್ಯಾಮರಾಕ್ ಫಾಲ್ಸ್‌ಗೆ ನಾಲ್ಕು ದಶಲಕ್ಷ ಡಾಲರ್ ಮಂಜೂರಾಗಿತ್ತು. ಹಣವನ್ನು ಹೆಮ್ಮೆಗೆ ಮಾತ್ರ ಬಳಸತಕ್ಕದ್ದು. ಯಾವುದು ಹೆಮ್ಮೆ ಎಂಬ ಪಟ್ಟಿಯನ್ನು ಲಗತ್ತಿಸಲಾಗಿತ್ತು. ಧ್ವಜಸ್ತಂಭ, ಮೂಸ್ ಎಂಬ ದೊಡ್ಡ ಜಿಂಕೆಯ ಕಂಚಿನ ಮೂರ್ತಿ, ಪಟಾಕಿ, ವಾದ್ಯಮೇಳ ಅದರಲ್ಲಿದ್ದವು. ನರ್ಸ್ ಇರಲಿಲ್ಲ.

ತಾರಿನ್ ಕೆಲಸ ಮಾಡುತ್ತಿದ್ದುದು ಹೆದ್ದಾರಿ ಪಕ್ಕದ ಡೋನಟ್ ಅಂಗಡಿಯಲ್ಲಿ. ದೇಶದ ಆಡಳಿತವನ್ನು ಅಲ್ಲಿನ ಕಿಟಕಿ ಪಕ್ಕದ ಮೇಜಿನಲ್ಲಿ ಬೆಳಿಗ್ಗೆ ಆರರಿಂದ ಹತ್ತರವರೆಗೆ ನಡೆಸಲಾಗುತ್ತಿತ್ತು. ಮೇಜಿನ ಯಜಮಾನ ಅವಳ ಮಾವ ವರ್ನ್, ಕಾಗದದ ಕಾರ್ಖಾನೆಯಿಂದ ನಿವೃತ್ತ. ಎದುರು ಪಕ್ಷ ಓಯ್ವ, ಅದೇ ಕಾರ್ಖಾನೆಯಿಂದ ನಿವೃತ್ತ.

"ಒಟ್ಟಾವಾದವರಿಗೆ ದುಡ್ಡು ಅಂದ್ರೆ ಹಿಮ ಇದ್ದ ಹಾಗೆ," ಎಂದ ವರ್ನ್. "ಮೇಲಿಂದ ಸುರೀತಾರೆ. ಗುದ್ದಲಿ ಹಿಡಿಯೋರು ನಾವು. ಕಂಬಕ್ಕೆ ನಾಲ್ಕು ದಶಲಕ್ಷ. ನನ್ನ ತೆರಿಗೆ ಕಣಯ್ಯ ಅದು."

"ಹಂಗಾದ್ರೆ ಬೇಡ ಅಂತ ಬರೆದು ಕಳಿಸು."

"ಬೇಡ ಅಂದ್ರೆ ಕಾರ್ಸ್‌ವೆಲ್‌ನವರಿಗೆ ಕೊಡ್ತಾರೆ."

ಓಯ್ವ ಕೈಯಲ್ಲಿದ್ದ ಡೋನಟ್ ತಟ್ಟೆಗೆ ವಾಪಸಿಟ್ಟ.

"ಅವರ ಕಂಬ ಎಷ್ಟುದ್ದ?" ಕೇಳಿದ ಓಯ್ವ.

"ನೂರ ನಲವತ್ತು ಅಡಿ."

"ನಮ್ಮದು?"

"ನೂರ ಐವತ್ತು ಆಗ್ಬೇಕು. ಜೀವನಪೂರ್ತಿ ತೆರಿಗೆ ಕಟ್ಟಿದ್ದೀನಿ, ಹತ್ತಡಿ ಕೇಳೋ ಹಕ್ಕಿಲ್ವಾ ನನಗೆ?"

"ತುದಿ ಹತ್ತಿ ನಿಂತ್ರೆ ಕಾರ್ಸ್‌ವೆಲ್ ಆಸ್ಪತ್ರೆ ಕಾಣುತ್ತಾ, ನೋಡಿ ಹೇಳಿ ವರ್ನ್," ಎಂದಳು ತಾರಿನ್, ಅವನ ಲೋಟಕ್ಕೆ ಕಾಫಿ ಬಗ್ಗಿಸುತ್ತಾ. "ನಿಮ್ಮ ಮೊಮ್ಮಗಳಿಗೆ ಅಲ್ಲೀವರೆಗೂ ಉಸಿರು ಬೇಕಲ್ಲ."

ವರ್ನ್ ಲೋಟದೊಳಗೆ ನೋಡಿಕೊಂಡ. ಅವನಿಗೆ ಮೊಮ್ಮಗಳ ಮೇಲೆ ಪ್ರಾಣ. ಆದರೆ ಅವಳು ಬಂದದ್ದು ಆರು ವರ್ಷದ ಹಿಂದೆ. ಕಾರ್ಸ್‌ವೆಲ್‌ನ ಮೇಲಿನ ಸಿಟ್ಟು ಐವತ್ತು ವರ್ಷದ್ದು.

ನೂರ ಐವತ್ತು ಅಡಿಯ ಕಂಬ ಹೊರಬಲ್ಲ ಬಂಡೆ ಊರಿನಲ್ಲಿ ಒಂದೇ ಕಡೆ ಇದೆಯೆಂದು ತಜ್ಞರು ವರದಿ ಕೊಟ್ಟರು: ಆಸ್ಪತ್ರೆಯ ಮುಂದೆ, ತುರ್ತು ಚಿಕಿತ್ಸೆಯ ಬಾಗಿಲಿಂದ ಇಪ್ಪತ್ತು ಹೆಜ್ಜೆಗೆ. ಕಂಬ ದಕ್ಷಿಣದ ಗಡಿಯಾಚೆಯ ದೇಶದಿಂದ ಲಾರಿಯಲ್ಲಿ ಬಂತು. ಅದರ ಮೇಲಿದ್ದ ಆ ದೇಶದ ಮುದ್ರೆಯನ್ನು ಪಟ್ಟಣ ಸಭೆಯ ಇಬ್ಬರು ನೌಕರರು ಎರಡು ದಿನ ಉಜ್ಜಿ ಅಳಿಸಿ, ಆ ಜಾಗಕ್ಕೆ ಸ್ವದೇಶದ ಗುರುತಾದ ಮೇಪಲ್ ಎಲೆ ಅಂಟಿಸಿದರು. ನವೆಂಬರಿನಲ್ಲಿ ಧ್ವಜ ಏರಿತು. ಅದರ ಬಟ್ಟೆಯಲ್ಲಿ ಊರಿನ ಅಷ್ಟೂ ಮಕ್ಕಳಿಗೆ ಎರಡೆರಡು ಜೊತೆ ಅಂಗಿ ಹೊಲಿಸಬಹುದಿತ್ತು. ಅಂದು ಶನಿವಾರವಾದ್ದರಿಂದ, ಸಮಾರಂಭದಲ್ಲಿ ಕಾಲು ಉಳುಕಿಸಿಕೊಂಡ ತುತ್ತೂರಿಯವನನ್ನು ಆ ಇಪ್ಪತ್ತು ಹೆಜ್ಜೆ ದಾಟಿಸದೆ ಕಾರ್ಸ್‌ವೆಲ್‌ಗೆ ಕರೆದೊಯ್ದರು.

ನಿಧಿಯ ಮಾರ್ಗಸೂಚಿ ಎಂಬತ್ತನಾಲ್ಕು ಪುಟದ್ದು. ಇಡೀ ಊರಿನಲ್ಲಿ ಅದನ್ನು ಓದಿದವಳು ಪಟ್ಟಣ ಸಭೆಯ ಗುಮಾಸ್ತೆ ಜಿನೆಟ್ ಒಬ್ಬಳೇ. ಆಕೆ ಅದನ್ನು ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಓದಿ, ಎರಡೂ ಭಾಷೆಯಲ್ಲಿ ಹೆಮ್ಮೆ ಸಮವಾಗಿದೆಯೆಂದು ಖಾತ್ರಿ ಮಾಡಿಕೊಂಡಿದ್ದಳು. ತಾರಿನ್ ನೀರಿನ ಬಿಲ್ಲು ಕಟ್ಟಲು ಹೋದಾಗ, ಜಿನೆಟ್ ಅತ್ತಿತ್ತ ನೋಡಿ ಅರವತ್ತೊಂದನೇ ಪುಟ ತೆರೆದಳು.

"ಇದನ್ನ ಕೇಳು. 'ನಲವತ್ತು ಅಡಿಗೆ ಮೀರಿದ ಧ್ವಜಕ್ಕೆ ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ, ಹಗಲೂ ರಾತ್ರಿ, ಒಬ್ಬ ಧ್ವಜಪಾಲಕರು ಇರತಕ್ಕದ್ದು. ಧ್ವಜ ವೀಕ್ಷಣೆಗೆ ಬಂದವರು ಹೆಮ್ಮೆಯ ಆವೇಗದಿಂದ ಅಸ್ವಸ್ಥರಾದಲ್ಲಿ ಪಾಲಕರು ಚಿಕಿತ್ಸೆ ನೀಡತಕ್ಕದ್ದು. ಇದಕ್ಕೆ ಸಮೀಪದ ಸರ್ಕಾರಿ ಕಟ್ಟಡವನ್ನು ಬಳಸಬಹುದು.'"

ತಾರಿನ್ ಕೈಚೀಲ ಕೆಳಗಿಟ್ಟಳು. "ಪಾಲಕರಾಗೋಕೆ ಏನು ಓದಿರ್ಬೇಕು? ನಂದು ಹತ್ತನೇ ಕ್ಲಾಸು."

"ಹಗ್ಗ ಎಳೆಯೋ ಶಕ್ತಿ ಇರ್ಬೇಕು ಅಂತಿದೆ. ನರ್ಸ್ ಆಗಿರಬಾರದು ಅಂತ ಎಲ್ಲೂ ಇಲ್ಲ," ಎಂದಳು ಜಿನೆಟ್, ಪುಟದಿಂದ ತಲೆಯೆತ್ತದೆ. "ನಾನು ನಿಂಗೇನೂ ಹೇಳಿಲ್ಲ. ಬಿಲ್ಲು ಎಂಬತ್ತೆರಡು ಡಾಲರ್."

ಮರಿಸೆಲ್ ಅದೇ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ನರ್ಸ್ ಆಗಿದ್ದವಳು. ಪ್ರಾಂತ್ಯದವರು ಅವಳ ಪಾಳಿ ತೆಗೆದ ಮೇಲೆ ಸೂಪರ್ ಮಾರ್ಕೆಟ್ಟಿನಲ್ಲಿ ಕೇಕಿನ ಮೇಲೆ ಹೆಸರು ಬರೆಯುತ್ತಿದ್ದಳು. ಡಿಸೆಂಬರ್ ಒಂದರಿಂದ ಅವಳನ್ನು ಧ್ವಜಪಾಲಕಿಯಾಗಿ ನೇಮಿಸಿ ಆದೇಶ ಹೊರಟಿತು. ಅವಳ ಕೊರಳಿಗೆ ಸ್ಟೆತಾಸ್ಕೋಪ್, ಕೈಗೆ ಹಗ್ಗ ಎಳೆಯುವ ಚರ್ಮದ ಗವಸು.

ಮೊದಲ ಶನಿವಾರವೇ, ಮಧ್ಯಾಹ್ನ ಎರಡು ಗಂಟೆಗೆ, ಟೆಸ್ಸಾಳಿಗೆ ಎದೆ ಬಿಗಿಯಿತು. ಪಂಪಿನ ಔಷಧಿ ಎರಡು ಸಲ ಕೊಟ್ಟರೂ ಬಗ್ಗಲಿಲ್ಲ. ತಾರಿನ್ ಆಸ್ಪತ್ರೆ ಮುಂದೆ ಕಾರು ನಿಲ್ಲಿಸಿದಾಗ ಹುಡುಗಿಯ ತುಟಿ ನೀಲಿಗಟ್ಟಿತ್ತು. ಮರಿಸೆಲ್ ಓಡಿ ಬಂದು ಮಗುವನ್ನೆತ್ತಿಕೊಂಡು, ಅದರ ಗಲ್ಲವನ್ನು ಮೇಲಕ್ಕೆತ್ತಿ ಧ್ವಜದ ಕಡೆ ತಿರುಗಿಸಿದಳು.

"ನೋಡಿದ್ಲಾ?"

"ನೋಡಿದ್ಲು, ನೋಡಿದ್ಲು, ಒಳಗೆ ನಡಿ."

"ಮಾಸ್ಕ್ ಮೊದಲು, ಅರ್ಜಿ ಆಮೇಲೆ," ಎನ್ನುತ್ತಾ ಮರಿಸೆಲ್ ಒಳಗೆ ಓಡಿದಳು.

ಅರ್ಧ ಗಂಟೆಯ ಮೇಲೆ ಮಗಳ ತುಟಿಗೆ ಬಣ್ಣ ಬಂದಾಗ ತಾರಿನ್ ಅರ್ಜಿ ತುಂಬಿದಳು. ಧ್ವಜ ನೋಡಿದಾಗ ಉಂಟಾದ ಭಾವನೆ: ಹೆಮ್ಮೆ. ಲಕ್ಷಣ: ಉಸಿರು ಕಟ್ಟುವುದು. ಪರಿಹಾರ: ದೊರೆತಿದೆ. ಮಗಳನ್ನು ಒಂದು ಕೈಯಲ್ಲಿ ತಬ್ಬಿಕೊಂಡೇ ಬರೆದದ್ದರಿಂದ ಅಕ್ಷರ ಸೊಟ್ಟಗಾಗಿತ್ತು. ಅದನ್ನು ಆವೇಗಕ್ಕೆ ಸಾಕ್ಷಿಯೆಂದು ಜಿನೆಟ್ ಟಿಪ್ಪಣಿ ಬರೆದಳು.

ಆ ಚಳಿಗಾಲ ಊರಿನವರ ದೇಶಾಭಿಮಾನ ಬಹಳ ಹೆಚ್ಚಿತು. ಮರ ಕಡಿಯುವವನೊಬ್ಬ ಹೆಮ್ಮೆಯಿಂದ ಬೆರಳು ಕುಯ್ದುಕೊಂಡ. ಚರ್ಚಿನ ಊಟದಲ್ಲಿ ಕೆಟ್ಟ ಮೀನು ತಿಂದ ಹದಿನೆಂಟು ಮಂದಿ ಒಟ್ಟಿಗೇ ಬಂದು ಹೆಮ್ಮೆಯಿಂದ ವಾಂತಿ ಮಾಡಿದರು. ಒಬ್ಬಾಕೆ ಭಾನುವಾರ ಬೆಳಿಗ್ಗೆ ಹೆಮ್ಮೆ ತಡೆಯಲಾರದೆ ಹೆಣ್ಣುಮಗು ಹೆತ್ತಳು. ಯಾರೋ ಮಾಜಿ ಮಂತ್ರಿ ತೀರಿಕೊಂಡು ಧ್ವಜ ಅರ್ಧಕ್ಕಿಳಿದ ಶನಿವಾರ ಹೆಮ್ಮೆಪಡುವಂತಿರಲಿಲ್ಲ. ಅಂದು ಬಂದ ಜ್ವರದವರನ್ನೆಲ್ಲ ಜಿನೆಟ್ ದುಃಖದ ಪಟ್ಟಿಗೆ ಸೇರಿಸಿದಳು.

ಎರಡು ಸಾವಿರದ ಮುನ್ನೂರು ಜನರ ಊರಿನಲ್ಲಿ ಒಂದೇ ಚಳಿಗಾಲಕ್ಕೆ ಆರುನೂರ ಹನ್ನೊಂದು ಮಂದಿ ಹೆಮ್ಮೆಯಿಂದ ಕುಸಿದದ್ದು ಒಟ್ಟಾವಾದ ಕಣ್ಣಿಗೆ ಬಿತ್ತು. ಮಾರ್ಚ್ ತಿಂಗಳ ಒಂದು ಶನಿವಾರ ಹೆಮ್ಮೆ ಮಾಪನ ವಿಭಾಗದಿಂದ ಪ್ರೆಸ್ಕಾಟ್ ಹ್ಯಾಮ್ಲಿನ್ ಎಂಬ ಅಧಿಕಾರಿ ಬಂದರು. ಅವರು ಸುಳ್ಳೆಂದು ಬರೆದರೆ ಬಾಗಿಲಿಗೆ ಮತ್ತೆ ಬೀಗ, ಮರಿಸೆಲ್ ಮತ್ತೆ ಕೇಕಿನ ಮುಂದೆ. ಅವರು ಬಂದ ಬೆನ್ನಿಗೇ ಹಿಮ ಸುರಿದು ಕಾರ್ಸ್‌ವೆಲ್ ರಸ್ತೆ ಮುಚ್ಚಿತ್ತು.

ಅಧಿಕಾರಿಗಳು ಮೊದಲು ತಾರಿನ್‌ಳನ್ನು ಕರೆಸಿದರು. "ನಿಮ್ಮ ಮಗಳು ಹದಿನೇಳು ಸಲ ಹೆಮ್ಮೆಪಟ್ಟಿದ್ದಾಳೆ."

"ಚಿಕ್ಕ ವಯಸ್ಸು ಸರ್. ತಡ್ಕೊಳ್ಳೋಕಾಗಲ್ಲ."

"ಮನೇಲಿ ಬೇರೆ ಯಾರಿಗಾದ್ರೂ ಹೀಗಿತ್ತಾ?"

"ನಮ್ಮಮ್ಮನಿಗಿತ್ತು. ಆದ್ರೆ ಆಗಿನ್ನೂ ಧ್ವಜ ಇಷ್ಟು ದೊಡ್ಡದಿರಲಿಲ್ಲ."

"ಹೆಮ್ಮೆಗೆ ಕಾಲಿಗೆ ಪಟ್ಟಿ ಯಾಕೆ ಹಾಕಿದ್ದಾರೆ, ಇಲ್ಲಿ ನೋಡಿ, ಒಂಬತ್ತು ಜನಕ್ಕೆ?"

"ಕತ್ತೆತ್ತಿ ನೋಡ್ತಾ ನಡೀತಾರೆ ಸರ್. ಕೆಳಗೆ ಮಂಜುಗಡ್ಡೆ."

ಅವರಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಖುದ್ದಾಗಿ ಪರಿಶೀಲಿಸುವುದಾಗಿ ಹೇಳಿ ಹೊರಗೆ ಬಂದರು, ಕಂಬದ ಬುಡದಲ್ಲಿ ನಿಂತು ಕತ್ತೆತ್ತಿದರು, ಒಂದು ಹೆಜ್ಜೆ ಹಿಂದಕ್ಕಿಟ್ಟರು, ಬಿದ್ದರು. ಬಲಗೈ ಮಣಿಕಟ್ಟು ಸೊಟ್ಟಗೆ ತಿರುಗಿತ್ತು. ಮರಿಸೆಲ್ ಅರ್ಜಿ ಹಿಡಿದು ಬಂದಳು.

"ನಾನು ಜಾರಿ ಬಿದ್ದೆ," ಎಂದರು ಹ್ಯಾಮ್ಲಿನ್, ಹಲ್ಲು ಕಚ್ಚಿಕೊಂಡು.

"ಜಾರಿ ಬಿದ್ದವರಿಗೆ ಕಾರ್ಸ್‌ವೆಲ್ ಸರ್. ರಸ್ತೆ ಸೋಮವಾರ ತೆರೀತಾರಂತೆ."

ಅಧಿಕಾರಿಗಳು ಮಲಗಿದಲ್ಲಿಂದಲೇ ಧ್ವಜವನ್ನು ಬಹಳ ಹೊತ್ತು ನೋಡಿದರು. "ಬೀಳೋಕೆ ಮುಂಚೆ ನಾನು ಅದನ್ನೇ ನೋಡ್ತಿದ್ದೆ ಅನ್ನೋದಂತೂ ನಿಜ," ಎಂದರು.

"ಏನನ್ನಿಸ್ತು ಸರ್?"

"ಬರ್ಕೊಳ್ಳಮ್ಮ. ಹೆಮ್ಮೆ." ಎಡಗೈಯಲ್ಲಿ ಸಹಿ ಹಾಕಿದರು. ಆರುನೂರ ಹನ್ನೆರಡು.

ಅವರ ವರದಿ ಏಪ್ರಿಲ್ ಸಭೆಯಲ್ಲಿ ಓದಲ್ಪಟ್ಟಿತು. ಟ್ಯಾಮರಾಕ್ ಫಾಲ್ಸ್ ದೇಶದಲ್ಲೇ ಅತಿ ಹೆಚ್ಚು ಹೆಮ್ಮೆಯುಳ್ಳ ಊರು. ಧ್ವಜಪಾಲಕಿ ಹುದ್ದೆಯನ್ನು ಮೂರು ವರ್ಷ ಮುಂದುವರಿಸಲಾಗಿದೆ. ಷರತ್ತು ಒಂದೇ: ಹೆಮ್ಮೆಪಡುವವರ ಸಂಖ್ಯೆ ವರ್ಷಕ್ಕೆ ನೂರಕ್ಕೆ ಹತ್ತರಂತೆ ಏರತಕ್ಕದ್ದು. ಒಂದು ವರ್ಷ ಇಳಿದರೂ ಹುದ್ದೆ ರದ್ದು.

"ಅಂದ್ರೆ ಊರಿನೋರು ಇನ್ನೂ ಹೆಚ್ಚು ಕಾಯಿಲೆ ಬೀಳ್ಬೇಕು," ಎಂದಳು ತಾರಿನ್ ಎದ್ದು ನಿಂತು. "ಮಕ್ಕಳು ವಾಸಿ ಆಗ್ತಾ ಬಂದ್ರೆ ನರ್ಸ್..."

"ಧನ್ಯವಾದ ತಾರಿನ್," ಎಂದರು ಲಾರ್ನ್. "ಊರಿನ ಜನ ಕೈಲಾದಷ್ಟು ಮಾಡ್ತಾರೆ ಅಂತ ನನಗೆ ಭರವಸೆ ಇದೆ." ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಅಂಬುಲೆನ್ಸಿಗೆ ಬಾವುಟ ಕಟ್ಟಬೇಕೆಂಬ ತಿದ್ದುಪಡಿಯೂ ಸೇರಿತು.

ಮರುದಿನ ಕಿಟಕಿ ಪಕ್ಕದ ಮೇಜಿನಲ್ಲಿ ವರ್ನ್ ಹೇಳಿದ: "ಈ ಸರ್ಕಾರ ದುಡ್ಡು ಪೋಲು ಮಾಡೋದು ನೋಡಿದ್ರೆ ನನಗೆ ಬಿಪಿ ಏರುತ್ತೆ."

"ಶನಿವಾರ ಏರಿಸ್ಕೋ," ಎಂದ ಓಯ್ವ. "ಊರಿಗೆ ಒಂದು ಲೆಕ್ಕ ಸಿಗುತ್ತೆ. ಕಾರ್ಸ್‌ವೆಲ್‌ನವರು ನೂರ ಅರವತ್ತು ಅಡೀದು ಹಾಕ್ತಾರಂತೆ ಗೊತ್ತಾ? ಅವರ ಆಸ್ಪತ್ರೇಲೂ ಈಗ ಭಾನುವಾರ ನರ್ಸ್ ಇಲ್ವಂತೆ."

ವರ್ನ್ ಲೋಟ ಕೆಳಗಿಟ್ಟ. "ನೂರ ಎಪ್ಪತ್ತು," ಎಂದ.

ಮೇ ತಿಂಗಳಲ್ಲಿ ಟೆಸ್ಸಾಳಿಗೆ ದೇಶದ ಅತ್ಯಂತ ಹೆಮ್ಮೆಯ ಬಾಲಕಿ ಎಂಬ ಪ್ರಮಾಣಪತ್ರ ಬಂತು, ಎರಡೂ ಭಾಷೆಯಲ್ಲಿ. ಕಂಬದ ಕೆಳಗೆ ಅದನ್ನು ಕೊಟ್ಟರು, ಎಲ್ಲರೂ ಚಪ್ಪಾಳೆ ತಟ್ಟಿದರು, ವರ್ನ್ ಕಣ್ಣೊರೆಸಿಕೊಂಡ. ಮರಿಸೆಲ್ ಹೊಸ ಔಷಧಿ ಶುರು ಮಾಡಿದ್ದಳು; ಟೆಸ್ಸಾ ಆರು ವಾರದಿಂದ ಒಂದು ಸಲವೂ ಉಸಿರು ಕಟ್ಟಿಸಿಕೊಂಡಿರಲಿಲ್ಲ. ಆ ವಿಷಯವನ್ನು ತಾರಿನ್ ಯಾರಿಗೂ ಹೇಳಿರಲಿಲ್ಲ.

ಮನೆಗೆ ಹೋಗುವಾಗ ಕಾರಿನಲ್ಲಿ ತಾಯಿ ಮಗಳು ಇಬ್ಬರೇ. ಮಾತಾಡಲು ತಾರಿನ್‌ಗೆ ಮೂರು ನಿಮಿಷದ ದಾರಿ ಪೂರ್ತಿ ಇತ್ತು, ಮಧ್ಯೆ ಬಾಯಿ ಹಾಕುವವರೂ ಯಾರೂ ಇರಲಿಲ್ಲ. ಟೆಸ್ಸಾ ಪ್ರಮಾಣಪತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ್ದು ಇಷ್ಟೇ:

"ಅಮ್ಮ, ನಂಗೆ ಈ ಹೆಮ್ಮೆ ಪೂರ್ತಿ ವಾಸಿ ಆಗ್ಬಿಟ್ರೆ, ಮರಿಸೆಲ್ ಆಂಟೀನ ಕಳಿಸಿಬಿಡ್ತಾರಾ?"